ಚಪ್ಪಾಳೆ ಇದ್ದ ಕಡೆ ಕತ್ತರಿ

ಫೆಬ್ರವರಿ ೩, ಸೋಮವಾರ

ಇವತ್ತು ಬೆಳಗ್ಗೆಯಿಂದ ನಾನು ಬಾಯಿಬಿಟ್ಟಿದ್ದು ಎರಡೇ ಸಲ. ಹಾಲಿನವನಿಗೆ "ಅರ್ಧ ಲೀಟರ್ ಸಾಕಪ್ಪ" ಅಂದೆ. ತಮ್ಮನಿಗೆ ಫೋನಿನಲ್ಲಿ "ಸರಿ ಬಿಡು" ಅಂದೆ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ವರ್ಷಗಟ್ಟಲೆ "ಪ್ರಯಾಣಿಕರ ಗಮನಕ್ಕೆ" ಅಂತ ಊರಿಗೆ ಊರನ್ನೇ ಓಡಿಸಿದ ಬಾಯಿ ಇದು. ನಿವೃತ್ತಿಯಾದ ಮೇಲೂ ನನ್ನ ಧ್ವನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡು ಅಲ್ಲಿ ಹಾಕುತ್ತಿದ್ದಾರೆ. ಅಂದರೆ ನನ್ನ ಧ್ವನಿಗೆ ಇನ್ನೂ ಕೆಲಸವಿದೆ, ನನಗಿಲ್ಲ. ಅದಕ್ಕೇ ಈ ಡೈರಿ. ಗೋಡೆ ಜೊತೆ ಮಾತಾಡುವುದಕ್ಕಿಂತ ವಾಸಿ.

ತಮ್ಮ ಹೇಳಿದ್ದು ಅದೇ ಹಳೇ ಪಾಠ. "ದೊಡ್ಡಕ್ಕ, ಚಿಕ್ಕಕ್ಕ ಫೋನಿಗೆ ಬರಲ್ಲ ಅಂತಾಳೆ. ದಿನವಿಡೀ ಕಿವಿಗೆ ಸಿಕ್ಕಿಸಿಕೊಂಡು ಪುಸ್ತಕ ಕೇಳ್ತಾ ಕೂತಿರ್ತಾಳೆ. ನಿಮ್ಮೂರಲ್ಲೇ ಇದೆಯಂತಲ್ಲ ಅಂಧರ ಲೈಬ್ರರಿ, ಅಲ್ಲಿಂದಲೇ ಪೋಸ್ಟಲ್ಲಿ ತರಿಸ್ಕೋತಾಳೆ."

ಚಿಕ್ಕಕ್ಕ ಅಂದರೆ ನನ್ನ ತಂಗಿ, ಗುಂಡು. ಹುಟ್ಟಿದಾಗ ಗುಂಡುಗುಂಡಗಿದ್ದಳು ಅಂತ ಬಿದ್ದ ಹೆಸರು. ಈಗ ಕಡ್ಡಿಯಾಗಿದ್ದರೂ ಗುಂಡುವೇ. ಇಬ್ಬರಿಗೂ ಮದುವೆ ಇಲ್ಲ, ಇಬ್ಬರಿಗೂ ಇದೊಂದೇ ಮನೆ, ಇಬ್ಬರಿಗೂ ಬಾಯಿ ಜೋರು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಸ್ವಲ್ಪ ಸ್ವಲ್ಪವೇ ತಿಂದುಬಿಟ್ಟಿತು. ಅದನ್ನೂ ನುಂಗಿಕೊಂಡೆವು. ಆಮೇಲೆ ಶುರುವಾಯಿತು ಹುಳದ ಕಥೆ. "ಅಕ್ಕ, ಗೋಡೆ ಮೇಲೆ ಹುಳ. ಅಕ್ಕ, ದಿಂಬಿನ ಮೇಲೆ ಹುಳ." ನಾನು ನಂಬಿದೆ. ಔಷಧಿ ಹೊಡೆಯುವವನನ್ನು ಕರೆಸಿ ಮನೆ ಪೂರ್ತಿ ಹೊಡೆಸಿದೆ. ವಾರವಿಡೀ ಇಬ್ಬರೂ ಕೆಮ್ಮಿದೆವು. ಮತ್ತೆ ಹುಳ. ಮತ್ತೆ ಹೊಡೆಸಿದೆ. ಕೊನೆಗೆ ಆ ಮನುಷ್ಯ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಈ ಮನೇಲಿ ಹುಡುಕಿದರೂ ಒಂದು ಹುಳ ಸಿಗಲ್ಲ, ಇನ್ನು ನನ್ನ ಕರೀಬೇಡಿ" ಅಂದ.

ಕಾಣದ ಕಣ್ಣಿಗೆ ಇಲ್ಲದ ಹುಳ ಕಾಣುತ್ತದೆ ಅಂದರೆ ಏನರ್ಥ? ಒಂದು ಬೆಳಗ್ಗೆ ಲೋಟ ಕೈಯಲ್ಲಿ ಹಿಡಿದುಕೊಂಡು, "ಅಕ್ಕ, ಹಾಲಲ್ಲಿ ಹುಳ ಇದೆ" ಅಂದಳು. "ಏನೂ ಇಲ್ಲ ಕಣೆ, ಸುಮ್ನೆ ಕುಡಿ" ಅಂದೆ. ಅವಳು ಚೆಲ್ಲಿದಳು. ನಾನು ಅಡಿಗೆಮನೆಗೆ ಹೋಗಿ ತಮ್ಮನಿಗೆ ಫೋನ್ ಮಾಡಿ, "ಇವಳ ತಲೆ ಕೆಟ್ಟಿದೆ ಕಣೋ, ನನ್ನ ಕೈಲಿ ಆಗಲ್ಲ" ಅಂದೆ. ಗೋಡೆಗೂ ಕಿವಿ ಇರುತ್ತೆ ಅಂತಾರೆ, ಗುಂಡುಗೆ ಇರಲ್ವಾ? ಬಾಗಿಲ ಹಿಂದೆಯೇ ನಿಂತಿದ್ದಳು. "ಕಣ್ಣು ಹೋಗಿದೆ ಅಕ್ಕ, ತಲೆ ಹೋಗಿಲ್ಲ" ಅಂದು, ತಡವಿ ತಡವಿ ತನ್ನ ಬಟ್ಟೆ ತಾನೇ ಮಡಚಿ ಪೆಟ್ಟಿಗೆಗೆ ತುಂಬಿಕೊಂಡು, ತಮ್ಮ ಬಂದ ತಕ್ಷಣ ಅವನ ಜೊತೆ ಹೊರಟಳು. ಚಳಿಗಾಲದ ಮೊದಲಲ್ಲಿ ಹೋದವಳು ಇವತ್ತಿನವರೆಗೂ ಒಂದು ಮಾತಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನ್ನದೇನು ತಪ್ಪು?

ಫೆಬ್ರವರಿ ೬, ಗುರುವಾರ

ಅಂಧರ ಲೈಬ್ರರಿಗೆ ಹೋಗಿದ್ದೆ. ಗುಂಡುಗೋಸ್ಕರ ಅಲ್ಲ. ಹೊತ್ತು ಹೋಗಬೇಕಲ್ಲ, ಅದಕ್ಕೆ. ಅಲ್ಲಿ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವವರು ಬೇಕಂತ ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ.

ಲೈಬ್ರರಿ ಮೇಡಂ ನನ್ನ ಮುಖ ನೋಡಿ ಸುಮ್ಮನಿದ್ದರು, ಬಾಯಿ ತೆಗೆದ ತಕ್ಷಣ ಎದ್ದು ನಿಂತರು. "ಅಯ್ಯೋ, ನೀವು ಬಸ್ ಸ್ಟ್ಯಾಂಡು!" ಇದು ನನಗೆ ರೂಢಿ. ನನ್ನ ಮುಖ ಊರಲ್ಲಿ ಯಾರಿಗೂ ಗೊತ್ತಿಲ್ಲ.

ರೆಕಾರ್ಡಿಂಗ್ ಕೋಣೆ ಅಂದರೆ ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಕೋಣೆ. ಗೋಡೆಗೆಲ್ಲ ಸ್ಪಂಜು ಮೆತ್ತಿದ್ದಾರೆ. ಮೇಜಿನ ಮೇಲೆ ಕಂಬಳಿ, ಪುಟ ತಿರುಗಿಸಿದ ಸದ್ದು ಕೇಳಬಾರದು ಅಂತ. ಫ್ಯಾನ್ ಹಾಕೋ ಹಾಗಿಲ್ಲ. ಗಾಜಿನ ಆಚೆ ಕೂರುವ ಮನುಷ್ಯ ತಲೆಗೆ ದೊಡ್ಡ ಕಿವಿಮುಚ್ಚಿ ಹಾಕಿಕೊಂಡೇ ಇರುತ್ತಾನೆ, ಸೊಳ್ಳೆ ಉಸಿರು ಬಿಟ್ಟರೂ ಅವನಿಗೆ ಕೇಳುತ್ತದೆ. ಅವನಿಗೆ ನಾನು ಕಿವಿರಾಯ ಅಂತ ಹೆಸರಿಟ್ಟೆ, ಮನಸ್ಸಿನಲ್ಲೇ.

ನಿಯಮ ಎರಡು. ಪುಸ್ತಕದಲ್ಲಿ ಇಲ್ಲದ ಒಂದು ಮಾತೂ ಓದುವವರ ಬಾಯಿಂದ ಬರಬಾರದು. ತಪ್ಪಿದರೆ, ಕೆಮ್ಮಿದರೆ, ಮೈಕಿನ ಮುಂದೆ ಒಂದು ಚಪ್ಪಾಳೆ ತಟ್ಟಬೇಕು. ಆಮೇಲೆ ಆ ವಾಕ್ಯವನ್ನು ಮೊದಲಿಂದ ಓದಬೇಕು. ಚಪ್ಪಾಳೆಯ ಸದ್ದು ಕಂಪ್ಯೂಟರಿನಲ್ಲಿ ಉದ್ದ ಗೆರೆಯಾಗಿ ಎದ್ದು ಕಾಣುತ್ತದಂತೆ. ಕಿವಿರಾಯ ಆ ಗೆರೆ ಹುಡುಕಿಕೊಂಡು ಹೋಗಿ ತಪ್ಪನ್ನು ಕತ್ತರಿಸಿ ಬಿಸಾಡುತ್ತಾನೆ. "ಚಪ್ಪಾಳೆ ಇದ್ದ ಕಡೆ ಕತ್ತರಿ ಅಮ್ಮಾ, ಅಷ್ಟೇ ಲೆಕ್ಕ" ಅಂದ.

ಎಂಥಾ ಸುಖ. ಬದುಕಿನಲ್ಲೂ ಇಂಥದ್ದೊಂದು ಇದ್ದಿದ್ದರೆ ನಾನು ದಿನಾ ಕೈ ಕೆಂಪಾಗುವಷ್ಟು ತಟ್ಟುತ್ತಿದ್ದೆ.

ಫೆಬ್ರವರಿ ೧೨, ಬುಧವಾರ

ಮೇಡಂ ಮೇಜಿನ ಮೇಲೆ ಮೂರು ಪುಸ್ತಕ ಇಟ್ಟರು. ಒಂದು ಕೂಡುಕುಟುಂಬದ ಕಾದಂಬರಿ, ಇಟ್ಟಿಗೆ ಗಾತ್ರ. ಒಂದು ಕೀಟಗಳ ಬಗ್ಗೆ. ಒಂದು ಮಿದುಳಿನ ಬಗ್ಗೆ. ಒಂದಕ್ಕೊಂದು ಅಜಗಜಾಂತರ. "ಇದೇನ್ರೀ ಇದು, ಮೂರು ಅಂಗಡಿ ಸಾಮಾನು ಒಂದೇ ಚೀಲದಲ್ಲಿ?" ಅಂದೆ.

"ಒಬ್ಬರೇ ಕೇಳಿದ್ದು, ಪರವೂರಿನವರು. ಯಾರು ಅಂತ ಹೇಳೋ ಹಾಗಿಲ್ಲ. ಅಬ್ಬಾ, ಏನು ಬಾಯಿ ಅಂತೀರಿ! 'ಕಣ್ಣು ಹೋದವರಿಗೆಲ್ಲ ಬರೀ ದೇವರ ಪುಸ್ತಕ ಕಳಿಸ್ತೀರಲ್ಲ, ನಾವೇನು ಪಾಪ ಮಾಡಿ ಜೈಲಿಗೆ ಬಂದಿದ್ದೀವಾ? ತಲೆ ಒಳಗೆ ಏನಿದೆ ಅಂತ ಹೇಳೋ ಪುಸ್ತಕ ಕಳಿಸಿ, ಹುಳುಹುಪ್ಪಟೆ ಪುಸ್ತಕ ಕಳಿಸಿ, ಹೊತ್ತು ಹೋಗೋಕೆ ಒಂದು ಅತ್ತೆ-ಸೊಸೆ ಜಗಳ ಕಳಿಸಿ' ಅಂದ್ರು."

ಮೂರನ್ನೂ ನನ್ನ ಕಡೆಗೆ ಎಳೆದುಕೊಂಡೆ. ನಲವತ್ತು ಜನರ ಸಂತೆಯಲ್ಲೂ ಆ ಬಾಯಿ ನನಗೆ ಗೊತ್ತಾಗುತ್ತದೆ.

ಹುಳದ ಪುಸ್ತಕ ಯಾಕೆ ಅವಳಿಗೆ? ತಲೆಯಲ್ಲಿ ಇರೋ ಹುಳ ಸಾಲದೇ?

ಫೆಬ್ರವರಿ ೨೦, ಗುರುವಾರ

ಕಾದಂಬರಿ ಅರ್ಧ ಆಯಿತು. ಮೂರು ಸೊಸೆಯರು, ಒಂದು ಅಡಿಗೆಮನೆ, ಒಬ್ಬಳು ಅತ್ತೆ, ಇನ್ನೇನು ಬೇಕು. ಇವತ್ತು ಅತ್ತೆ ಸತ್ತಳು. ನಾನು ಓದಿ ಮುಗಿಸಿದ ಮೇಲೆ ಕಿವಿರಾಯ ಗಾಜು ತಟ್ಟಿದ. "ಅಮ್ಮಾ, ಸತ್ತದ್ದು ಅತ್ತೆ. ನೀವು ಬಸ್ಸು ಮೂರನೇ ಅಂಕಣಕ್ಕೆ ಬಂದು ನಿಂತಿದೆ ಅನ್ನೋ ಥರ ಓದಿದ್ರಿ." ನಗು ಬಂದುಬಿಟ್ಟಿತು. ಚಪ್ಪಾಳೆ ತಟ್ಟಿ, ಮತ್ತೆ ಸಾಯಿಸಿದೆ. ಆಮೇಲೆ ನನ್ನ ಹೊಟ್ಟೆ ಗುರುಗುಟ್ಟಿತು ಅಂತ ಇನ್ನೊಂದು ಸಲ ಸಾಯಿಸಬೇಕಾಯಿತು. ಬೆಳಗ್ಗೆ ತಿಂದು ಹೋಗಿರಲಿಲ್ಲ. ಒಬ್ಬಳಿಗೋಸ್ಕರ ಒಲೆ ಹಚ್ಚೋದು ಯಾರು.

ಮನೆಗೆ ಬಂದು ಆ ನಗುವಿನ ವಿಷಯ ಹೇಳೋಣ ಅಂತ "ಗುಂಡೂ" ಅಂದೆ. ಅಷ್ಟರಲ್ಲಿ ನೆನಪಾಯಿತು. ಚಪ್ಪಲಿ ಬಿಚ್ಚಿ, ಸೀದಾ ಹೋಗಿ ಅಡಿಗೆಮನೆ ಮೂಲೆಯ ಇರುವೆ ಸಾಲಿಗೆ ಪುಡಿ ಹಾಕಿದೆ.

ಮಾರ್ಚ್ ೫, ಬುಧವಾರ

ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯಿತು. ಕಿವಿರಾಯ ರಜೆಯಲ್ಲಿದ್ದಾಗ ಬದಲಿಗೆ ಬಂದವನು ಕಾದಂಬರಿಯನ್ನು ಕತ್ತರಿಸದೆ, ಹಸಿಹಸಿಯಾಗಿ ಹಾಗೇ ಪೆನ್‌ಡ್ರೈವಿಗೆ ತುಂಬಿ ಕಳಿಸಿಬಿಟ್ಟಿದ್ದಾನೆ. ಅಷ್ಟೂ ಚಪ್ಪಾಳೆ, ಅಷ್ಟೂ ತಪ್ಪು, ಮೂರು ಮೂರು ಸಲ ಸತ್ತ ಅತ್ತೆ, ಎಲ್ಲ ಹೋಗಿದೆ.

"ಅದೇ ಬಾಯಿಯವರ ಫೋನು" ಅಂದರು ಮೇಡಂ. "'ಅತ್ತೆ ಸತ್ತಾಗಲೆಲ್ಲ ಚಪ್ಪಾಳೆ ಹೊಡೀತಾರಲ್ಲ, ಇದು ಯಾವ ಸೀಮೆ ಮನೆ?' ಅಂತ ಕೇಳಿದ್ರು. ನಾನು ನಮ್ಮ ನಿಯಮ ವಿವರಿಸಿ ಹೇಳಿದೆ. ಚಪ್ಪಾಳೆ ತಟ್ಟಿದ್ರೆ ಹಿಂದಿನದು ಲೆಕ್ಕಕ್ಕಿಲ್ಲ, ವಾಕ್ಯ ಮೊದಲಿಂದ ಅಂತ. 'ಓಹೋ, ಒಳ್ಳೇದು' ಅಂದ್ರು."

"ಓದಿದವರ ಬಗ್ಗೆ ಏನಾದ್ರೂ ಅಂದ್ರಾ?"

"ಇಲ್ಲವಲ್ಲ."

ಮಾರ್ಚ್ ೮, ಶನಿವಾರ

ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಕೋಣೆಯಲ್ಲಿ ಅರವತ್ತು ವರ್ಷ ಮಲಗಿದವಳು. ನನ್ನ ಧ್ವನಿ ಅವಳಿಗೆ ಗೊತ್ತಾಗಿಲ್ಲ ಅನ್ನಲಿ ನೋಡೋಣ. ಅಷ್ಟು ದೊಡ್ಡ ಕಾದಂಬರಿ ನನ್ನ ಬಾಯಲ್ಲೇ ಕೇಳಿದ್ದಾಳೆ. ಒಂದು ಮಾತು, ಒಂದೇ ಒಂದು ಮಾತು.

ಬೇಡ ಬಿಡು.

ಮಾರ್ಚ್ ೧೯, ಬುಧವಾರ

ಕೀಟಗಳ ಪುಸ್ತಕ. ಓದಕ್ಕೇ ಮೈ ಜುಮ್ಮೆನ್ನುತ್ತದೆ. ಇವತ್ತು ಒಂದು ಜಾತಿಯ ಕಣಜ ಬಂತು, ಇನ್ನೊಂದು ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಅದನ್ನು ಒಳಗಿಂದ ತಿಂದುಕೊಂಡು ಹೊರಬರುತ್ತವೆ. ಗುಂಡು ಒಬ್ಬಳೇ ಕೋಣೆಯಲ್ಲಿ ಕೂತು ಇದನ್ನು ಕೇಳಿದರೆ ಗತಿ? ಅವಳ ಒಳ್ಳೇದಕ್ಕೇ ಅಂತ ಎರಡು ಪುಟ ಹಾರಿಸಿ ಜೇನಿನ ಅಧ್ಯಾಯಕ್ಕೆ ಹೋದೆ.

ಕಿವಿರಾಯ ಗಾಜು ತಟ್ಟಿದ. ಅವನ ಕೈಯಲ್ಲೂ ಒಂದು ಪ್ರತಿ ಇರುತ್ತದೆ ಅನ್ನೋದು ಮರೆತಿದ್ದೆ. "ಕಣಜ ಎಲ್ಲಿ ಹಾರಿಹೋಯ್ತು ಅಮ್ಮಾ?"

"ಅಸಹ್ಯ ಕಣಪ್ಪ ಅದು. ಕೇಳೋರಿಗೆ ಹೆದರಿಕೆ ಆಗುತ್ತೆ."

"ಕೇಳೋರು ಮಕ್ಕಳಲ್ಲಮ್ಮ. ಕಣ್ಣಿದ್ದೋರು ಬೇಡ ಅನ್ನಿಸಿದ ಪುಟ ತಾವೇ ತಿರುವಿ ಹಾಕ್ತಾರೆ. ಇವರ ಪುಟ ನಾವು ಯಾಕೆ ತಿರುವಬೇಕು?"

ಪುಟ ಹಿಂದಕ್ಕೆ ತಿರುವಿದೆ. ಕಣಜವನ್ನು ಓದಿದೆ. ಸಿಟ್ಟಿನಲ್ಲಿ ಓದಿದ್ದಕ್ಕೋ ಏನೋ, ಚೆನ್ನಾಗಿ ಬಂತಂತೆ.

ಏಪ್ರಿಲ್ ೧, ಮಂಗಳವಾರ

ತರಕಾರಿ ತರೋಕೆ ಹೋದವಳು ಕಾಲು ಎಳೆದ ಕಡೆ ಬಸ್ ನಿಲ್ದಾಣಕ್ಕೆ ಹೋದೆ. ಆಗಾಗ ಹೋಗಿ ಕಲ್ಲುಬೆಂಚಿನ ಮೇಲೆ ಕೂತು ಬರುತ್ತೇನೆ, ಯಾರಿಗೂ ಹೇಳಿಲ್ಲ. ಇವತ್ತು ಮೈಕಿನಲ್ಲಿ ಬೇರೆ ಧ್ವನಿ. ಯಾರೋ ಹುಡುಗಿಯ ಧ್ವನಿ. ಹುಡುಗಿಯೂ ಅಲ್ಲವಂತೆ, ಕಂಪ್ಯೂಟರಂತೆ. ಊರಿನ ಹೆಸರುಗಳನ್ನು ತುಂಡು ತುಂಡು ಮಾಡಿ ಹೇಳುತ್ತದೆ. ಯಾರೂ ತಲೆ ಎತ್ತಿ ನೋಡಲಿಲ್ಲ. ಜನ ಬಸ್ಸು ಹತ್ತಿದರು, ಇಳಿದರು.

ಎರಡು ಬಸ್ಸು ಹೋಗುವವರೆಗೆ ಕೂತಿದ್ದೆ. ತರಕಾರಿ ತರೋದು ಮರೆತು ಬರಿಗೈಯಲ್ಲಿ ಬಂದೆ. ತುಂಬಾ ಅಳು ಬಂತು, ಜೋರಾಗಿಯೇ ಅತ್ತೆ. ಬಾಗಿಲು ಹಾಕಿಕೊಳ್ಳುವ ಅಗತ್ಯವೂ ಇರಲಿಲ್ಲ.

ಏಪ್ರಿಲ್ ೧೦, ಗುರುವಾರ

ಕೀಟಗಳು ಮುಗಿದವು. ಇರುವೆಗಳು ದಾರಿಯನ್ನು ವಾಸನೆಯಲ್ಲಿ ಬರೆದಿಡುತ್ತವಂತೆ. ಕಣ್ಣೇ ಇಲ್ಲದ ಜಾತಿಗಳೂ ಇವೆಯಂತೆ, ಆದರೂ ಮನೆಗೆ ಹೋಗಿ ಸೇರುತ್ತವಂತೆ. ಅಡಿಗೆಮನೆ ಮೂಲೆಯಲ್ಲಿ ಇವತ್ತು ಮತ್ತೆ ಸಾಲು ಹೊರಟಿತ್ತು. ಸಕ್ಕರೆ ಡಬ್ಬವನ್ನೇ ಎತ್ತಿ ಮೇಲಿಟ್ಟೆ. ಪುಡಿ ಎಲ್ಲಿಟ್ಟಿದ್ದೀನೋ ನೆನಪಾಗಲಿಲ್ಲ, ಹುಡುಕೋಕೂ ಸೋಮಾರಿತನ.

ಸಂಜೆ ತಮ್ಮನ ಫೋನು. ದನಿ ಇಳಿಸಿ ಮಾತಾಡಿದ. "ದೊಡ್ಡಕ್ಕ, ಇಲ್ಲೂ ಅದೇ ಹುಳದ ಕಥೆ. ನನ್ನ ಹೆಂಡತಿ ಹೆದರಿಕೊಂಡಿದ್ದಾಳೆ. ಇಲ್ಲೊಂದು ನಿಲಯ ಇದೆ, ತಲೆ ಸರಿ ಇಲ್ಲದವರನ್ನ ಇಟ್ಕೊಂಡು ನೋಡ್ಕೋತಾರೆ. ಜೂನಿನಲ್ಲಿ ಜಾಗ ಖಾಲಿಯಾಗುತ್ತಂತೆ. ಹೇಳಿಟ್ಟಿದ್ದೀನಿ."

"ಹುಚ್ಚಾಸ್ಪತ್ರೆಗಾ?"

"ಹಾಗನ್ನಬೇಡ. ತಲೆ ಕೆಟ್ಟಿದೆ ಅಂತ ಮೊದಲು ಹೇಳಿದ್ದು ನೀನೇ ತಾನೆ?"

ಹಿಂದುಗಡೆ ಯಾರೋ ಕೆಮ್ಮಿದರು. ಗುಂಡು. ಆ ಕೆಮ್ಮು ನನಗೆ ಗೊತ್ತು. ಮೊದಲು ಎರಡು ಚಿಕ್ಕದು, ಆಮೇಲೆ ಒಂದು ಉದ್ದ. ಇನ್ನೂ ಸ್ವಲ್ಪ ಕೆಮ್ಮಲಿ ಅಂತ ಫೋನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ. ತಮ್ಮ ಇಟ್ಟುಬಿಟ್ಟ.

ಏಪ್ರಿಲ್ ೨೪, ಗುರುವಾರ

ಮಿದುಳಿನ ಪುಸ್ತಕದ ಏಳನೇ ಅಧ್ಯಾಯ. ಮನೆಗೆ ಬಂದವಳೇ ಬರೆಯಲು ಕೂತೆ.

ಓದುತ್ತಾ ಹೋಗುತ್ತಿದ್ದೆ. ಕಣ್ಣು ಮಂಕಾದವರಲ್ಲಿ ಕೆಲವರಿಗೆ ಇಲ್ಲದ ವಸ್ತುಗಳು ಕಾಣುತ್ತವೆ ಅಂತ ಬಂತು. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮಿದುಳು ಕೈಕಟ್ಟಿ ಕೂರುವುದಿಲ್ಲ, ತನ್ನ ಉಗ್ರಾಣದಲ್ಲಿರುವ ಚಿತ್ರಗಳನ್ನೇ ತೆಗೆದು ತೆಗೆದು ತೋರಿಸುತ್ತದೆ. ಬಲೆಯಂಥ ಗೆರೆಗಳು, ಮುಖಗಳು, ಪುಟ್ಟ ಮನುಷ್ಯರು, ಹುಳಗಳು. ಹುಳಗಳು ಅಂತಲೇ ಇದೆ. ಇವರ ಬುದ್ಧಿ ನೆಟ್ಟಗೇ ಇರುತ್ತದೆ, ಇದು ಹುಚ್ಚಲ್ಲ ಅಂತ ಬರೆದಿದ್ದಾರೆ. ಎಷ್ಟೋ ಜನ, ಮನೆಯವರು ಹುಚ್ಚು ಅಂದಾರೆಂದು ಹೆದರಿ ಬಾಯೇ ಬಿಡುವುದಿಲ್ಲವಂತೆ.

ಗುಂಡು ಬಾಯಿಬಿಟ್ಟಿದ್ದಳು. ನನ್ನ ಹತ್ತಿರ ಬಿಟ್ಟಿದ್ದಳು.

ಓದುವ ಮಧ್ಯೆಯೇ ಏನೇನೋ ಗೊಣಗಿದೆ ಅಂತ ಕಾಣುತ್ತೆ. ನೀರು ಕುಡಿದು, ಅಧ್ಯಾಯ ಮುಗಿಸಿಯೇ ಎದ್ದೆ. ಕಿವಿರಾಯ ಗಾಜು ತಟ್ಟಲಿಲ್ಲ. ನಾನು ಹೊರಟಾಗ ಎದ್ದು ಬಂದು ಬಾಗಿಲು ತೆಗೆದ, ಅಷ್ಟೇ.

ಏಪ್ರಿಲ್ ೨೫, ಶುಕ್ರವಾರ

ಬೆಳಗ್ಗೆ ಎದ್ದವಳೇ ಗುಂಡುವಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಹೋದ ವರ್ಷ ಇದೇ ಕುರ್ಚಿಯಲ್ಲಿ ಅವಳು "ಡಾಕ್ಟ್ರೇ, ನಂಗೆ ಏನೋ..." ಅಂತ ಶುರು ಮಾಡಿದಾಗ, ಮರ್ಯಾದೆ ಹೋಗುತ್ತೆ ಅಂತ ನಾನು ಕಣ್ಸನ್ನೆ ಮಾಡಿದ್ದೆ. ಕಣ್ಸನ್ನೆ, ಕಾಣದವಳಿಗೆ! ಆಮೇಲೆ ತೊಡೆ ಚಿವುಟಿದೆ. ಅವಳು ಸುಮ್ಮನಾದಳು.

ಡಾಕ್ಟರು ಕೇಳಿ, "ಇದು ಮಾಮೂಲು. ಅವರ ತಲೆಗೇನೂ ಆಗಿಲ್ಲ. ಕಾಣಿಸೋದು ನಿಜ ಅಲ್ಲ ಅಂತ ಗೊತ್ತಾದರೆ ಹೆದರಿಕೆ ಅರ್ಧ ಹೋಗುತ್ತೆ. ಆಗಲೇ ಯಾಕೆ ಹೇಳಲಿಲ್ಲ?" ಅಂದರು. ಅಲ್ಲಿಂದಲೇ ತಮ್ಮನಿಗೆ ಫೋನ್ ಹಚ್ಚಿ ಡಾಕ್ಟರ ಕೈಗೇ ಕೊಟ್ಟೆ. ಅವರ ಮಾತು ಕೇಳಿದ ಮೇಲೆ ಅವನು, "ಹಾಗಾದ್ರೆ ನಿಲಯ ಬೇಡ, ನಿನ್ನ ಮನೆಗೇ ಕರ್ಕೊಂಡು ಹೋಗು" ಅಂದ.

ಸಂಜೆ ಮತ್ತೆ ಮಾಡಿದ. "ಅವಳು ಒಪ್ತಿಲ್ಲ ದೊಡ್ಡಕ್ಕ. 'ಹುಚ್ಚರ ಜೊತೆ ಬೇಕಾದ್ರೆ ಇರ್ತೀನಿ, ಅಕ್ಕನ ಮನೆಗೆ ಮಾತ್ರ ಬರಲ್ಲ. ಅವಳು ನನ್ನ ತಟ್ಟೇಲಿರೋದನ್ನ ಚೂರು ಮಾಡ್ತಾಳೆ, ನನ್ನ ಬದಲು ತಾನೇ ಮಾತಾಡ್ತಾಳೆ' ಅಂತಾಳೆ. ನಾನೇನು ಮಾಡ್ಲಿ ಹೇಳು."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ಅವಳದ್ದು. ನನ್ನದೂ ಅದೇ ಜಾತಿ.

ಮೇ ೮, ಗುರುವಾರ

ಮೇಡಂ ಫೋನ್ ಮಾಡಿ ಬರಹೇಳಿದರು. ಮುಖ ಗಂಟು ಹಾಕಿಕೊಂಡಿದ್ದರು. ಮಿದುಳಿನ ಪುಸ್ತಕ ಹೋದ ವಾರವೇ ಪೋಸ್ಟಿನಲ್ಲಿ ಹೋಗಿದೆ. ಈಗ ಕೇಳುಗರು ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾರಂತೆ. "ಏಳನೇ ಅಧ್ಯಾಯದಲ್ಲಿ ಬರೋ ಗುಂಡು ಯಾರು?" ಅಂತ.

ಹಾಕಿ ಕೇಳಿಸಿದರು. ಮೊದಲು ನನ್ನ ಬಸ್‌ಸ್ಟ್ಯಾಂಡಿನ ಧ್ವನಿ. ನೆಟ್ಟಗೆ, ಗಟ್ಟಿಯಾಗಿ: "ಪುಟ್ಟ ಮನುಷ್ಯರು, ಹುಳಗಳು." ಆಮೇಲೆ ಸದ್ದಿಲ್ಲ. ಆಮೇಲೆ ಯಾರೋ ಮುದುಕಿ:

"ಅಯ್ಯೋ ಗುಂಡೂ. ಅಯ್ಯೋ ನನ್ನ ಗುಂಡೂ. ನಿಂಗೆ ಕಾಣಿಸ್ತಿತ್ತಲ್ಲೇ. ನೀನು ಸುಳ್ಳು ಹೇಳಿಲ್ಲ. ನಾನು ಔಷಧಿ ಹೊಡೆಸ್ದೆ, ಚಿವುಟಿದೆ, ಬಾಯಿ ಮುಚ್ಚಿಸ್ದೆ. ಯಾವ ಹುಳ, ಹೆಂಗಿದೆ ಅಂತ ಒಂದು ಸಲನಾದ್ರೂ ಕೇಳಿದ್ನಾ? ಒಬ್ಬಳೇ ಕೂತು ನೋಡ್ಕೊಂಡಿದ್ಯಲ್ಲೇ ಅಷ್ಟನ್ನೂ. ಮನೆ ಬಿಕೋ ಅಂತಿದೆ ಕಣೆ."

ಆಮೇಲೆ ನೀರು ಕುಡಿದ ಸದ್ದು. ಆಮೇಲೆ ಮತ್ತೆ ಬಸ್‌ಸ್ಟ್ಯಾಂಡು: "ಇವರ ಬುದ್ಧಿ ನೆಟ್ಟಗೇ ಇರುತ್ತದೆ."

ಚಪ್ಪಾಳೆ ತಟ್ಟಿರಲಿಲ್ಲ ನಾನು. ನಾಚಿಕೆಯಿಂದ ಮುಖ ಎತ್ತಲು ಆಗಲಿಲ್ಲ. ಮೇಡಂ ಕಿವಿರಾಯನನ್ನು ಕರೆಸಿ, "ಇದನ್ನ ಯಾಕ್ರೀ ತೆಗೀಲಿಲ್ಲ?" ಅಂದರು.

"ಚಪ್ಪಾಳೆ ಇರಲಿಲ್ಲ ಮೇಡಂ. ನಾನು ಚಪ್ಪಾಳೆ ಇದ್ದ ಕಡೆ ಮಾತ್ರ ಕತ್ತರಿಸೋದು."

ಸೊಳ್ಳೆ ಉಸಿರು ಕೇಳುವವನಿಗೆ ಅಷ್ಟು ಉದ್ದದ ಮಾತು ಕೇಳಲಿಲ್ಲವಂತೆ. ಅವನ ಮುಖ ನೋಡಿದೆ, ಅವನು ಮೇಲೆ ಫ್ಯಾನ್ ನೋಡುತ್ತಿದ್ದ. ಆ ಪೆನ್‌ಡ್ರೈವುಗಳನ್ನೆಲ್ಲ ವಾಪಸ್ ತರಿಸುತ್ತಾರಂತೆ, ಅಧ್ಯಾಯ ನಾನು ಮತ್ತೆ ಓದಿಕೊಡಬೇಕಂತೆ. ಆಗಲಿ ಅಂದೆ.

ಮೇ ೧೩, ಮಂಗಳವಾರ

ಏಳನೇ ಅಧ್ಯಾಯ ಮತ್ತೆ ಓದಿದೆ. ಒಂದು ತಪ್ಪಿಲ್ಲ, ಒಂದು ಚಪ್ಪಾಳೆ ಇಲ್ಲ. ಎಲ್ಲ ಪೆನ್‌ಡ್ರೈವುಗಳೂ ವಾಪಸ್ ಬಂದಿವೆಯಂತೆ, ಒಂದನ್ನು ಬಿಟ್ಟು. ಪರವೂರಿನವರು ಕೊಡಲ್ಲ ಅಂದರಂತೆ. "ದಂಡ ಹಾಕ್ಕೊಳ್ಳಿ" ಅಂದರಂತೆ.

ಮೇ ೧೪, ಬುಧವಾರ

ಫೋನು ಸರಿಯಿದೆಯಾ ಅಂತ ಎರಡು ಸಲ ಎತ್ತಿ ನೋಡಿದೆ. ಸರಿಯಾಗೇ ಇದೆ.

ಮೇ ೧೫

ಇಲ್ಲ.

ಮೇ ೧೭, ಶನಿವಾರ

ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಫೋನು ಹೊಡೆದುಕೊಂಡಿತು. ತಮ್ಮನ ನಂಬರು. ಒದ್ದೆ ಕೈಯಲ್ಲೇ ಎತ್ತಿ "ಹೇಳೋ" ಅಂದೆ.

ಆ ಕಡೆಯಿಂದ ಉಸಿರು ಮಾತ್ರ. ಆಮೇಲೆ ಒಂದು ಸದ್ದು, ಪಟ್ ಅಂತ. ಏನೋ ಬಿತ್ತು ಅಂದುಕೊಂಡೆ. ಅಷ್ಟರಲ್ಲಿ ಚಿಕ್ಕದಾಗಿ ಎರಡು ಕೆಮ್ಮು, ಉದ್ದಕ್ಕೆ ಒಂದು. ಒದ್ದೆ ಬಟ್ಟೆಯ ಬಕೆಟ್ಟಿನ ಪಕ್ಕದಲ್ಲೇ ನೆಲಕ್ಕೆ ಕೂತೆ. ಏನೂ ಬಿದ್ದಿರಲಿಲ್ಲ. ಅವಳು ಚಪ್ಪಾಳೆ ತಟ್ಟಿದ್ದಳು.

"ಕೇಳಿಸ್ತಾ?" ಅಂದಳು.

"ಕೇಳಿಸ್ತು."

"ನಿಮ್ಮ ಲೈಬ್ರರಿ ನಿಯಮ ತಾನೆ? ತಟ್ಟಿದ್ರೆ ಹಿಂದಿನದು ಲೆಕ್ಕಕ್ಕಿಲ್ಲ, ವಾಕ್ಯ ಮೊದಲಿಂದ."

"ಹೂಂ."

"ಹಾಗಾದ್ರೆ ನಾನು ನಂದು ಹೇಳ್ತೀನಿ, ನೀನು ನಿಂದು ಹೇಳು. ಸರಿಯಾಗಿ ಹೇಳಿದ್ರೆ ಬುಧವಾರದ ಬಸ್ಸಿಗೆ ಬರ್ತೀನಿ. ಇಲ್ಲಾಂದ್ರೆ ಇಲ್ಲ. ನನ್ನ ತಟ್ಟೆಗೆ ಕೈ ಹಾಕಬಾರದು, ಡಾಕ್ಟರ ಹತ್ರ ನಾನೇ ಮಾತಾಡ್ತೀನಿ, ಅದು ಬೇರೆ. ಶುರು ಮಾಡ್ಲಾ?"

"ಮಾಡು" ಅಂದೆ.

"ಅಕ್ಕ, ಹಾಲಲ್ಲಿ ಹುಳ ಇದೆ."

ಏನೂ ಇಲ್ಲ ಕಣೆ ಅನ್ನುವ ಮಾತು ತಾನಾಗೇ ನಾಲಿಗೆ ತುದಿಗೆ ಬಂದುಬಿಟ್ಟಿತ್ತು, ಅದನ್ನು ನುಂಗಿದೆ.

"ಯಾವ ಥರದ್ದು ಗುಂಡೂ?"

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಚಿಕ್ಕದು. ಉಗುರಿನಷ್ಟು."

"ಕಾಲೆಷ್ಟು?"

"ಆರು. ನಾನೇನು ಪುಸ್ತಕ ಕೇಳಿಲ್ವಾ?"

"ರೆಕ್ಕೆ?"

"ಇದೆ. ನೀಲಿ. ಒಂದಲ್ಲ ಅಕ್ಕ, ಈಗ ತುಂಬಾ ಇವೆ. ಎಲ್ಲಾ ಹಾಲಿನಿಂದ ಎದ್ದು ಬಂದು ಲೋಟದ ಅಂಚಲ್ಲಿ ಕೂತಿವೆ. ಚೆನ್ನಾಗಿವೆ ಕಣೇ. ನಂಗೆ ಮೊದಲಿಂದಲೂ ಇಷ್ಟಾನೇ, ನೀನು ಕೇಳಲಿಲ್ಲ."

ನನಗೂ ನೋಡಬೇಕು ಅನ್ನಿಸಿತು. ಹಾಗಂತಲೇ ಹೇಳಿದೆ.

"ನಿಂಗೆಲ್ಲಿ ಕಾಣ್ಬೇಕು" ಅಂದಳು ಗುಂಡು. "ಸುಮ್ನೆ ಕೂತ್ಕೋ, ನಾನು ಹೇಳ್ತೀನಿ."